ಲೈಸೆನ್ಸ್ ಹೊಸದಾಯ್ತು, ಕೈ ಹೊಸದಾಯ್ತೇ?

ಹಾಸನದಿಂದ ಸಕಲೇಶಪುರದವರೆಗೆ ಹೆದ್ದಾರಿ ಬದಿಯ ಯಾವ ಲಾರಿ ಆಫೀಸಿನ ಬಾಗಿಲಲ್ಲಿ ನಿಂತರೂ ಈಗ ಒಂದೇ ಗೋಳು. ಗಾಡಿ ಇದೆ, ಲೋಡು ಇದೆ, ಡ್ರೈವರ್ ಇಲ್ಲ! ತಾನು ಪಟ್ಟ ಪಾಡು ಸಾಕು, ಮಗ ಬೇರೆ ಏನಾದರೂ ಮಾಡಿಕೊಳ್ಳಲಿ ಎನ್ನುವ ಡ್ರೈವರುಗಳೇ ಎಲ್ಲಾ ಕಡೆ. ಹುಡುಗರೂ ಜಾಣರು, ಹದಿನೈದು ದಿನ ಮನೆ ಬಿಟ್ಟು ಕ್ಯಾಬಿನ್ನಿನಲ್ಲಿ ಮಲಗುವುದಕ್ಕಿಂತ ಊರಲ್ಲೇ ಕಾರು ಓಡಿಸುವುದು ವಾಸಿ ಎಂದು ಅವರಿಗೆ ಗೊತ್ತಾಗಿದೆ.

ಹೀಗಾಗಿ ಮಾಲೀಕರು ಹಳಬರ ಮನೆ ಬಾಗಿಲು ತಟ್ಟುತ್ತಿದ್ದಾರೆ. ಹತ್ತು ಹನ್ನೆರಡು ವರ್ಷದ ಹಿಂದೆ ಟ್ರೇಲರ್ ಬಿಟ್ಟು ಆಟೋ ಹಿಡಿದವರು, ಬೀಡಾ ಅಂಗಡಿ ಇಟ್ಟವರು, ಶುಂಠಿ ಹಾಕಿ ಕೈ ಸುಟ್ಟುಕೊಂಡವರು. ‘ಬಾರಣ್ಣಾ, ನಿನಗೇನು ಹೊಸದಾ? ಸೈಕಲ್ಲು, ಈಜು, ಸ್ಟೇರಿಂಗು ಮರೆತವನುಂಟಾ?’ ಎಂದು ಎರಡು ಮಾತು ಆಡಿದರೆ ಅಣ್ಣ ಎದೆ ಉಬ್ಬಿಸುತ್ತಾನೆ. ಮನೆಯಲ್ಲಿ ಸಾಲವಿದೆ, ಮಗಳ ಕಾಲೇಜು ಫೀಸಿದೆ. ಮಾರನೇ ದಿನವೇ ಬೀಗದ ಕೈ ಅವನ ಕೈಗೆ.

ಸೈಕಲ್ಲಿನ ಮಾತು ಸೈಕಲ್ಲಿಗೆ ಸರಿ. ಆದರೆ ಐವತ್ತು ಟನ್ನಿನ ಗಾಡಿಗೆ?

ಟ್ರೇಲರ್ ಎಂದರೇನು ಎಂಬುದನ್ನು ದಿನಾ ಬಸ್ಸಿನ ಕಿಟಕಿಯಿಂದ ನೋಡುವವರಿಗೂ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಒಂದು ಗಾಡಿಯಲ್ಲ, ಎರಡು. ಮುಂದಿನದು ಎಂಜಿನ್ನು, ಕ್ಯಾಬಿನ್ನು ಇರುವ ಎಳೆಯುವ ಗಾಡಿ. ಅದರ ಬೆನ್ನ ಮೇಲೆ ಗ್ರೀಸ್ ಬಳಿದ ಒಂದು ದೊಡ್ಡ ತಟ್ಟೆ. ಹಿಂದಿನ ಟ್ರೇಲರಿನ ಹೊಟ್ಟೆಯಡಿ ಒಂದು ಉಕ್ಕಿನ ಗೂಟ. ಕಿಂಗ್ ಪಿನ್ ಅಂತಾರೆ. ದಪ್ಪ ಸಾಮಾನ್ಯವಾಗಿ ಎರಡೇ ಇಂಚು! ಗೂಟ ತಟ್ಟೆಯ ಬಾಯಿಗೆ ಕಚ್ಚಿಕೊಂಡರೆ ಎರಡೂ ಒಂದಾದವು. ಮಂಗಳೂರು ಬಂದರಿನಿಂದ ಬರುವ 40 ಅಡಿ ಕಂಟೇನರು, ನಿಮ್ಮ ಹಾರ್ಡ್‌ವೇರ್ ಅಂಗಡಿಗೆ ಬರುವ ಕಬ್ಬಿಣದ ಸರಳು, ಎಲ್ಲವನ್ನೂ ಘಾಟಿಯಲ್ಲಿ ಎಳೆಯುವುದು ಆ ಎರಡಿಂಚಿನ ಗೂಟವೇ.

ಕೂಡಿಸುವಾಗ ಗೂಟ ಸರಿಯಾಗಿ ಕೂತಿತೇ, ಲಾಕ್ ಬಿತ್ತೇ ಎಂದು ಟಾರ್ಚ್ ಹಿಡಿದು ಬಗ್ಗಿ ನೋಡಬೇಕು. ಆಮೇಲೆ ಟ್ರೇಲರಿಗೆ ಬ್ರೇಕ್ ಹಾಕಿ, ಸಣ್ಣ ಗೇರಿನಲ್ಲಿ ಒಂದು ಸಲ ಮುಂದಕ್ಕೆ ಜಗ್ಗಿ ನೋಡಬೇಕು. ಗಾಳಿ ಪೈಪುಗಳನ್ನು ಸಿಕ್ಕಿಸಬೇಕು. ಹಿಂದಿನ ಲೈಟಿನ ವೈರು ಸಿಕ್ಕಿಸಬೇಕು. ಟ್ರೇಲರಿನ ಊರುಗಾಲು ಎತ್ತಬೇಕು. ಗಾಳಿಯ ಮುಳ್ಳು ಮೇಲೇರುವ ತನಕ ಕಾಯಬೇಕು. ದಿನಾ ಮಾಡುವವನಿಗೆ ಇದು ಸ್ನಾನ ಮಾಡಿ ಅಂಗಿ ಹಾಕಿಕೊಂಡಷ್ಟು ಸಲೀಸು. ಹನ್ನೆರಡು ವರ್ಷ ಬಿಟ್ಟವನು ಇದರಲ್ಲಿ ಒಂದನ್ನು ಮರೆಯುತ್ತಾನೆ. ಯಾವುದನ್ನು ಅನ್ನೋದು ಮಾತ್ರ ಅವನಿಗೂ ಗೊತ್ತಿರೋಲ್ಲ.

ಇನ್ನು ರಿವರ್ಸು! ಸಾದಾ ಲಾರಿಯಲ್ಲಿ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ. ಟ್ರೇಲರಿನಲ್ಲಿ ಎಡಕ್ಕೆ ಹೋಗಬೇಕಾದರೆ ಮೊದಲು ಬಲಕ್ಕೆ ತಿರುಗಿಸಬೇಕು. ಟ್ರೇಲರು ಎಡಕ್ಕೆ ವಾಲಲು ಶುರು ಮಾಡಿದೊಡನೆ ಸ್ಟೇರಿಂಗನ್ನು ವಾಪಸು ತಂದು ಅದರ ಹಿಂದೆ ಹೋಗಬೇಕು. ತಲೆಯಿಂದ ಲೆಕ್ಕ ಹಾಕಿದರೆ ಕೈ ತಡವಾಗುತ್ತದೆ. ಕೈಗೆ ತಾನಾಗಿ ಬರಬೇಕು. ಆಟೋ ಓಡಿಸಿ ಓಡಿಸಿ ಪಳಗಿದ ಕೈ ತಾನಾಗಿ ಎತ್ತ ತಿರುಗಿಸುತ್ತದೆ? ಎಡಕ್ಕೇ! ನಾಲ್ಕು ಅಡಿ ಹೋಗುವಷ್ಟರಲ್ಲಿ ಮುಂದಿನ ಗಾಡಿ, ಹಿಂದಿನ ಟ್ರೇಲರು ಚಾಕು ಮಡಚಿದ ಹಾಗೆ ಒಂದಕ್ಕೊಂದು ಮಡಚಿಕೊಳ್ಳುತ್ತವೆ. ಕ್ಯಾಬಿನ್ ನಜ್ಜು, ಪೈಪು ಕಿತ್ತು, ಗೋಡೌನಿನ ಕಾಂಪೌಂಡು ನೆಲಕ್ಕೆ.

ಮುಂಚೆ ಇದಕ್ಕೆ ಕ್ಲೀನರ್ ಅಂತ ಒಬ್ಬ ಇರುತ್ತಿದ್ದ. ಇಳಿದು ಹಿಂದೆ ನಿಂತು ಗಾಡಿಯ ಮೈ ತಟ್ಟಿ ‘ರೈಟ್... ರೈಟ್... ಹೋಲ್ಡಾನ್!’ ಎಂದು ಕೂಗುತ್ತಿದ್ದ. ಆ ಕೂಗು ಕೇಳಿ ಬೆಳೆದ ಡ್ರೈವರಿಗೆ ಅವನೇ ಹಿಂದಿನ ಕಣ್ಣು. ಈಗ ಖರ್ಚು ಉಳಿಸಲು ಎಷ್ಟೋ ಗಾಡಿಗಳಲ್ಲಿ ಕ್ಲೀನರೇ ಇಲ್ಲ. ಹಳೇ ಡ್ರೈವರಣ್ಣ ವಾಪಸು ಬಂದು ನೋಡಿದರೆ ಪಕ್ಕದ ಸೀಟು ಖಾಲಿ. ಇರುವುದು ಎರಡು ಕನ್ನಡಿ ಮಾತ್ರ. ಗಾಡಿ ತಿರುಗಿದೊಡನೆ ಅದರಲ್ಲಿ ಒಂದರಲ್ಲಿ ಟ್ರೇಲರಿನ ಪಕ್ಕೆ ಬಿಟ್ಟು ಬೇರೇನೂ ಕಾಣೋದಿಲ್ಲ.

ಬಿಟ್ಟು ಹೋದ ಗಾಡಿ ಇದಲ್ಲ

2012ರಲ್ಲಿ ಕೆಲಸ ಬಿಟ್ಟ ಒಬ್ಬ ಡ್ರೈವರಣ್ಣ ಅಂತಿಟ್ಟುಕೊಳ್ಳಿ. ಅವನು ಬಿಟ್ಟ ಶಿರಾಡಿ ಗುಂಡಿಗಳ ಶಿರಾಡಿ. 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ರಸ್ತೆ ಮುಚ್ಚಿ ಕಾಂಕ್ರೀಟು ಹಾಕಿದರು. ಗುಂಡಿ ಹೋಯಿತು, ಅದರ ಜೊತೆ ಗುಂಡಿ ಮಾಡುತ್ತಿದ್ದ ಒಂದು ಉಪಕಾರವೂ ಹೋಯಿತು. ಹಳೇ ರಸ್ತೆಯಲ್ಲಿ ಓಡಿಸೋಣ ಅಂದರೂ ಗಾಡಿ ಓಡುತ್ತಿರಲಿಲ್ಲ! ಈಗ ನುಣುಪು ಇಳಿಜಾರು, ಕೆಳಗೆ ತಿರುವು. ಅತ್ತ ಚಾರ್ಮಾಡಿಯಲ್ಲಿ 2019ರ ಭೂಕುಸಿತದ ನಂತರ ಭಾರಿ ಗಾಡಿಗಳಿಗೆ ದಾರಿ ತಪ್ಪಿತು. ಆ ಭಾರವೂ ಇತ್ತ ಬಿತ್ತು.

ತೂಕವೂ ಹೆಚ್ಚಾಗಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಭಾರದ ಮಿತಿ ಏರಿಸಿತು. ದೊಡ್ಡ ಟ್ರೇಲರಿಗೆ ಗಾಡಿ ಸೇರಿ ಮೊದಲಿದ್ದ 49 ಟನ್ನು 55 ಆಯಿತು. ಕಾನೂನಿನ ಪ್ರಕಾರವೇ ಆರು ಟನ್ನು ಜಾಸ್ತಿ. ಕಾನೂನು ಬಿಟ್ಟ ತೂಕದ ಮಾತು ಇಲ್ಲಿ ಬೇಡ. 2020ರ ಏಪ್ರಿಲ್‌ನಿಂದ ಬಿ.ಎಸ್. 6 ಎಂಜಿನ್ನು. ಡೀಸೆಲ್ಲಿನ ಜೊತೆ ಯೂರಿಯಾ ದ್ರಾವಣಕ್ಕೆ ಬೇರೆ ಟ್ಯಾಂಕು. ಅದು ಮುಗಿದರೆ ಎಂಜಿನ್ ಶಕ್ತಿಯೇ ಇಳಿದುಹೋಗುತ್ತದೆ. ಮುಂದೆ ಒಂದು ಡಜನ್ ದೀಪ; ಯಾವುದು ಹತ್ತಿದರೆ ನಿಲ್ಲಿಸಬೇಕು, ಯಾವುದು ಹತ್ತಿದರೆ ಊರು ಸೇರಬಹುದು ಎಂದು ಯಾರಾದರೂ ಕೂತು ಹೇಳಿಕೊಡಬೇಕು. ಟೋಲ್‌ನಲ್ಲಿ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಇದೊಂದು ಮಾತ್ರ ಅರ್ಧ ಗಂಟೆಯಲ್ಲಿ ಕಲಿಯುವ ವಿದ್ಯೆ.

ಮರೆತದ್ದನ್ನಾದರೂ ಮತ್ತೆ ಕಲಿಸಬಹುದು. ಮರೆಯದೇ ಉಳಿದ ಹಳೇ ಚಟದ್ದೇ ಫಜೀತಿ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಗಾಡಿ ಬಿಡುವುದು ಆ ಕಾಲದ ಜಾಣತನ. ಮಾಲೀಕರೂ ಭೇಷ್ ಅನ್ನುತ್ತಿದ್ದರು. ಈಗಿನ ಎಂಜಿನ್ನಿನ ಕಥೆಯೇ ಬೇರೆ. ಗೇರಿನಲ್ಲಿ ಇಟ್ಟು ಆಕ್ಸಿಲೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಡೀಸೆಲ್ ಹೋಗುವುದೇ ನಿಂತುಬಿಡುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನೇ ಉರಿಯಬೇಕು, ಡೀಸೆಲ್ ಕುಡಿಯಬೇಕು. ಅಂದರೆ ಉಳಿತಾಯ ಅನ್ನುವ ನೆಪವೂ ಹೋಯಿತು, ಉಳಿದದ್ದು ಅಪಾಯ ಮಾತ್ರ.

ಘಾಟಿ ಇಳಿಯುವಾಗ ಗಾಡಿಯನ್ನು ಹಿಡಿಯಬೇಕಾದದ್ದು ಎಂಜಿನ್ನು, ಬ್ರೇಕಲ್ಲ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ಎಕ್ಸಾಸ್ಟ್ ಬ್ರೇಕ್ ಹಾಕಬೇಕು. ಅರ್ಧ ದಾರಿಯಲ್ಲಿ ವೇಗ ಹೆಚ್ಚಾದ ಮೇಲೆ ಗೇರ್ ಇಳಿಸಲು ಹೋದರೆ ಅದು ಬೀಳುವುದಿಲ್ಲ, ನ್ಯೂಟ್ರಲ್ಲಿನಲ್ಲೇ ಉಳಿಯುತ್ತದೆ. ಆಗ ಕಾಲು ಬ್ರೇಕಿನ ಮೇಲೆ. ಒತ್ತಿ ಒತ್ತಿ ಡ್ರಮ್ಮು ಕಾಯುತ್ತದೆ, ಕಾದ ಡ್ರಮ್ಮಿಗೆ ಹಿಡಿತವಿಲ್ಲ. ಘಾಟಿಯ ಬಸ್ಸಿನಲ್ಲಿ ಕಿಟಕಿ ಬದಿ ಕೂತವರಿಗೆ ಸುಟ್ಟ ವಾಸನೆ ಮೂಗಿಗೆ ಬಡಿದಿರುತ್ತದಲ್ಲ, ಅದೇ ಇದು.

ಖಾಲಿ ಟ್ರೇಲರಾದರೆ ಭಯವಿಲ್ಲ ಅಂತ ತಿಳಿಯಬೇಡಿ. ಮಳೆಯಲ್ಲಿ ಖಾಲಿ ಟ್ರೇಲರು ಜಾರುವಷ್ಟು ಲೋಡಾದದ್ದು ಜಾರುವುದಿಲ್ಲ. ಮೇಲೆ ಭಾರವಿಲ್ಲ, ಚಕ್ರಕ್ಕೆ ನೆಲದ ಹಿಡಿತ ಕಡಿಮೆ. ಗಾಬರಿಯಲ್ಲಿ ಬ್ರೇಕ್ ಒದ್ದರೆ ಬಾಲ ಬೀಸುತ್ತದೆ. ಊರೊಳಗಿನ ತಿರುವಿನಲ್ಲಿ ಇನ್ನೊಂದು ಸಂಕಟ. ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಗೊಳಗೇ ಮೂಲೆ ಕತ್ತರಿಸಿಕೊಂಡು ಬರುತ್ತದೆ. ಮುಂದಿನದು ದಾಟಿತಲ್ಲ ಎಂದು ಎಡಪಕ್ಕಕ್ಕೆ ಸ್ಕೂಟರ್ ನುಗ್ಗಿಸುವವರು, ಮೂಲೆಯ ಅಂಚಿನಲ್ಲೇ ಬಸ್ಸಿಗೆ ಕಾಯುವವರು ಇದನ್ನು ಒಮ್ಮೆ ನಿಂತು ನೋಡಬೇಕು.

ಕಾಗದ ಏನನ್ನುತ್ತದೆ?

ಕಾಗದದ ಮಟ್ಟಿಗೆ ಎಲ್ಲಾ ಸರಿಯಾಗಿದೆ. 2019ರ ತಿದ್ದುಪಡಿಗೆ ಮುಂಚೆ ಭಾರಿ ವಾಹನದ ಲೈಸೆನ್ಸನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು, ಆಮೇಲೆ ಅದು ಐದು ವರ್ಷವಾಯಿತು. ವೈದ್ಯರ ಸರ್ಟಿಫಿಕೇಟು ಬೇಕು. ಅವಧಿ ಮುಗಿದು ಒಂದು ವರ್ಷ ಮೀರಿದ್ದರೆ ಮತ್ತೆ ಓಡಿಸಿ ತೋರಿಸಿ ಪಾಸಾಗಬೇಕು. ಅದೇ ವರ್ಷ ಎಂಟನೇ ಕ್ಲಾಸು ಓದಿರಲೇಬೇಕೆಂಬ ನಿಯಮವನ್ನೂ ತೆಗೆದರು. ಅದು ಒಳ್ಳೆಯದೇ ಆಯಿತು.

ಸಿಕ್ಕು ಇರುವುದು ಇಲ್ಲಿ. ಜಾಣ ಡ್ರೈವರ್ ಎಷ್ಟೇ ವರ್ಷ ಮನೆಯಲ್ಲಿ ಕೂತರೂ ಲೈಸೆನ್ಸನ್ನು ಸಾಯಲು ಬಿಡುವುದಿಲ್ಲ. ಗಡುವಿಗೆ ಸರಿಯಾಗಿ ಫೀಸು ಕಟ್ಟಿ ನವೀಕರಿಸಿಕೊಂಡೇ ಬರುತ್ತಾನೆ. ಅಂಥವನಿಗೆ ಪರೀಕ್ಷೆ ಇಲ್ಲ. ಹನ್ನೆರಡು ವರ್ಷ ಸ್ಟೇರಿಂಗ್ ಮುಟ್ಟದವನೂ ನಿನ್ನೆ ರಾತ್ರಿ ಘಾಟಿ ಇಳಿದವನೂ ಆರ್.ಟಿ.ಓ. ಕಚೇರಿಯ ಕಾರ್ಡಿನಲ್ಲಿ ಒಂದೇ. ಯಾವ ವರ್ಗದ ಗಾಡಿ ಎಂದು ಅದರಲ್ಲಿ ಬರೆದಿರುತ್ತದೆ. ಕಡೆಯ ಸಲ ಯಾವಾಗ ಓಡಿಸಿದೆ ಎಂದು ಬರೆದಿರುವುದಿಲ್ಲ.

ಹಾಗಂತ ಸರ್ಕಾರಕ್ಕೆ ಇದು ತಿಳಿಯದ ವಿಷಯವೇನಲ್ಲ. ಗ್ಯಾಸು, ಪೆಟ್ರೋಲು, ಆಸಿಡ್ ಸಾಗಿಸುವ ಡ್ರೈವರಿಗೆ ಮೂರು ದಿನದ ಬೇರೆ ತರಬೇತಿ ಬೇಕು ಎಂಬ ನಿಯಮವಿದೆ. ಕಲಿತದ್ದನ್ನು ಮತ್ತೆ ತಿದ್ದಿಕೊಳ್ಳಲು ಮರುತರಬೇತಿ ಎಂಬ ಮಾತೂ ಅಲ್ಲಿದೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿ ಹಲವರು ಸತ್ತದ್ದು ಈ ದಾರಿಯ ಜನಕ್ಕೆ ಮರೆತಿಲ್ಲ. ಆ ಚಾಲಕನಿಗೆ ಅಭ್ಯಾಸವಿತ್ತೋ ಇಲ್ಲವೋ ಎಂಬುದು ಇಲ್ಲಿನ ಮಾತಲ್ಲ. ಟ್ರೇಲರಿನಷ್ಟು ಉದ್ದದ ಗಾಡಿ ಈ ರಸ್ತೆಯಲ್ಲಿ ಒಂದು ಸಲ ಮಗುಚಿದರೆ ಏನಾಗಬಹುದು ಎಂಬುದಕ್ಕಷ್ಟೇ ಆ ನೆನಪು. ಗ್ಯಾಸಿನ ಗಾಡಿಗೆ ಇರುವ ನಿಯಮ ಕಬ್ಬಿಣದ ಗಾಡಿಗೆ ಯಾಕಿಲ್ಲ? ಇಪ್ಪತ್ತೈದು ಟನ್ ಸರಳು ಕ್ಯಾಬಿನ್ನಿಗೆ ನುಗ್ಗಿದರೆ ಅದೇನು ಹೂವಿನ ಮೂಟೆಯೇ?

ಡ್ರೈವರಣ್ಣನ ಕಡೆಯಿಂದಲೂ ಒಂದು ಮಾತು. ಅವನು ಹೆದರಿದ್ದಾನೆ, ಹೇಳಿಕೊಳ್ಳುವುದಿಲ್ಲ. ಮಾಲೀಕರಿಗೆ ‘ಸ್ವಾಮಿ, ನಾಲ್ಕು ದಿನ ಖಾಲಿ ಗಾಡಿ ಕೊಡಿ, ಕೈ ಕೂಡಿಸಿಕೊಳ್ತೀನಿ’ ಅಂದರೆ ‘ಇವನಿಗೆ ಬರೋದಿಲ್ಲ’ ಅಂತ ಬೇರೆಯವನನ್ನು ಕರೆದಾರು ಎಂಬ ಅಳುಕು. ಐವತ್ತು ದಾಟಿದ ಗಂಡಸು, ಒಂದು ಕಾಲದಲ್ಲಿ ಹುಡುಗರಿಗೆ ತಾನೇ ಕಲಿಸಿದವನು, ಕೈ ನಡುಗುತ್ತೆ ಅಂತ ಯಾರ ಮುಂದೆ ಹೇಳಿಯಾನು? ರಾತ್ರಿ ಎದುರಿನಿಂದ ಬರುವ ಬಿಳೀ ದೀಪಗಳಿಗೆ ಕಣ್ಣು ಕೋರೈಸುತ್ತದೆ. ಅದನ್ನೂ ನುಂಗಿಕೊಳ್ಳುತ್ತಾನೆ. ಮೇಲೆ ಕೇಸಿನ ಭಯ. ಅಪಘಾತ ಮಾಡಿ ಪೊಲೀಸರಿಗೆ ತಿಳಿಸದೆ ಹೋದರೆ ಹತ್ತು ವರ್ಷದವರೆಗೆ ಜೈಲು ಎಂಬ ಹೊಸ ಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದ ಡ್ರೈವರುಗಳು ಗಾಡಿ ನಿಲ್ಲಿಸಿದ್ದು ನೆನಪಿರಬಹುದು. ಆ ಜುಲೈ 1ರಂದು ಹೊಸ ಕಾನೂನು ಜಾರಿಗೆ ಬಂದಾಗ ಆ ಒಂದು ಉಪಕಲಮನ್ನು ತಡೆಹಿಡಿದರು. ಭಯವನ್ನು ಮಾತ್ರ ಯಾರೂ ತಡೆಹಿಡಿದಿಲ್ಲ.

ಬೇಕಾಗಿರುವುದು ದೊಡ್ಡ ಯೋಜನೆಯೇನಲ್ಲ. ಕೂಡಿಸುವುದು, ಬಿಡಿಸುವುದು, ಹಿಂದಕ್ಕೆ ತೆಗೆಯುವುದು, ಇಷ್ಟನ್ನು ಖಾಲಿ ಜಾಗದಲ್ಲಿ ನಾಲ್ಕು ಡ್ರಮ್ಮು ನಿಲ್ಲಿಸಿಕೊಂಡು ಮೂರು ನಾಲ್ಕು ದಿನ. ಆಮೇಲೆ ಚಾಲ್ತಿಯಲ್ಲಿರುವ ಒಬ್ಬ ಡ್ರೈವರ್ ಪಕ್ಕದಲ್ಲಿ ಕೂತು ಬಯಲು ರಸ್ತೆಯಲ್ಲಿ ಒಂದೆರಡು ಟ್ರಿಪ್ಪು. ಘಾಟಿಗೆ ಮೊದಲ ಲೋಡು ಹಗಲು ಹೊತ್ತಿನಲ್ಲಿ, ಮಳೆ ಇಲ್ಲದ ದಿನ, ಅದೂ ಜೊತೆಗೆ ಒಬ್ಬನಿದ್ದರೆ. ಅಷ್ಟೂ ದಿನದ ಭತ್ಯೆ ಮಾಲೀಕರದ್ದು. ಡೀಸೆಲ್ ದಂಡ ಎಂದು ಗೊಣಗುವ ಮಾಲೀಕರು ಒಂದು ಕ್ಯಾಬಿನ್ ರಿಪೇರಿಯ ಬಿಲ್ಲನ್ನು ಪಕ್ಕದಲ್ಲಿಟ್ಟು ಕೂಡಿಸಿ ನೋಡಲಿ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲಿ ಬರೆದಿದ್ದದ್ದು ಎಷ್ಟು ಗಾಡಿಗಳಲ್ಲಿ ನಡೆಯುತ್ತಿತ್ತು ಎಂದು ಈ ಊರಿಗೆ ಗೊತ್ತು. ವಾಪಸು ಬಂದವನಿಗೆ ಮೊದಲ ತಿಂಗಳಾದರೂ ಅದು ನಡೆಯಲಿ.

ಅಂಗಡಿಯವರ ಪಾಲೂ ಇದೆ. ಡ್ರೈವರ್ ಘಾಟಿಯಲ್ಲಿರುವಾಗ ‘ಎಲ್ಲಿದೀಯಪ್ಪಾ, ಹಬ್ಬದ ವ್ಯಾಪಾರ ಹೋಯ್ತಲ್ಲೋ’ ಎಂದು ಹತ್ತು ನಿಮಿಷಕ್ಕೊಂದು ಫೋನು ಹೊಡೆಯುವವರು ನಾವೇ. ಅವನು ಒಂದು ಕೈಯಲ್ಲಿ ಆ ಫೋನು ಹಿಡಿದರೆ ಗೇರಿಗೆ ಯಾವ ಕೈ?

ಜಾಗಕ್ಕೂ ಬರವಿಲ್ಲ. ಹರಾಜಿಲ್ಲದ ಹೊತ್ತಿನಲ್ಲಿ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಟ್ರೇಲರು ತಿರುಗಿಸಲು ಬೇಕಾದಷ್ಟು ಜಾಗ ಸಿಗುತ್ತದೆ. ಲಾರಿ ಮಾಲೀಕರು ಆರ್.ಟಿ.ಓ. ಸಾಹೇಬರ ಜೊತೆ ಕೂತು ಮಾತಾಡುವ ಮೊದಲು, ಭಾನುವಾರ ಆ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತೆ ಅನ್ನೋದನ್ನ ಯಾರಾದರೂ ವಿಚಾರಿಸಿ ಇಟ್ಟುಕೊಂಡರೆ ಒಂದು ಸುತ್ತಿನ ಓಡಾಟ ತಪ್ಪುತ್ತೆ.