ಮೊಲಗಳ ಆಹಾರಕ್ರಮ

ಮೊಲವು ಹಸಿವನ್ನು ಕೂಗಿ ಹೇಳಲಾರದ ಸಾಧುಪ್ರಾಣಿಯು. ಆದಕಾರಣ ಅದನ್ನು ಸಾಕುವ ನಾವು ಅದರ ದೇಹಧರ್ಮವನ್ನು ಅರಿತಿರತಕ್ಕದ್ದು.

ಅದರ 28 ಹಲ್ಲುಗಳೂ ಜೀವಮಾನವೆಲ್ಲ ಬೆಳೆಯುತ್ತಲೇ ಇರುವವು. ಒರಟಾದ ಹುಲ್ಲನ್ನು ಅಗಿಯುವುದರಿಂದಲೇ ಅವು ಸವೆದು ಹದದಲ್ಲಿರುವವು. ಹುಲ್ಲಿನ ನಾರಿನಿಂದಲೇ ಕರುಳೂ ಸರಿಯಾಗಿ ಚಲಿಸುವುದು. ಆದುದರಿಂದ ಆಹಾರದಲ್ಲಿ ನೂರಕ್ಕೆ ಸುಮಾರು 80 ಪಾಲು ಒಣಹುಲ್ಲು, ಗರಿಕೆಗಳೇ ಇರಬೇಕು. ಕೊತ್ತಂಬರಿ ಮುಂತಾದ ಸೊಪ್ಪನ್ನು ತೊಳೆದು ಹಿಡಿಯಷ್ಟು ಕೊಡಬಹುದು. ಗಜ್ಜರಿಯು ಮೊಲಕ್ಕೆ ಪ್ರಿಯವಾದರೂ ಸಕ್ಕರೆಯುಳ್ಳದ್ದಾದುದರಿಂದ ಒಂದು ಚೂರು ಸಾಕು. ಅನ್ನ, ರೊಟ್ಟಿ, ಈರುಳ್ಳಿಗಳನ್ನು ಕೊಡಲೇಬಾರದು. ಮೊಲವು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ನಾವು ಹೇಸಬಾರದು. ಅದರಿಂದ ಅದಕ್ಕೆ ಬಿ ಜೀವಸತ್ವವು ದೊರೆಯುವುದು. ಶುದ್ಧಜಲವು ಸದಾ ಇರಲಿ.

ಅರ್ಧ ದಿನ ಮೇವು ಬಿಟ್ಟರೆ ಪ್ರಾಣಾಪಾಯವುಂಟು. ಒಡನೆ ಪಶುವೈದ್ಯರಿಗೆ ತೋರಿಸತಕ್ಕದ್ದು.