ಹಳೇ ಪಿಕಪ್‌ಗೆ ಪವರ್ ಏರಿಸೋ ಮೊದ್ಲು ಈ ಲೆಕ್ಕ ನೋಡ್ರಿ

ಹೋದ ತಿಂಗಳು ರೋಣ ಕಡೆಯ ಒಬ್ಬ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಗಾಡಿ ಎರಡೂವರೆ ಲಕ್ಷ ಕಿಲೋಮೀಟರ್ ಓಡೇತಿ. ಈರುಳ್ಳಿ ಲೋಡ್ ಹಾಕಿದ್ರ ಏರು ಹತ್ತವಲ್ದು. ಚಿಪ್ ಹಾಕ್ಸಿದ್ರ ಪವರ್ ಬರ್ತದಂತ, ಹಾಕ್ಸಲೇನು?" ಅಂತ ಕೇಳಿದ. ನರಗುಂದ, ಗಜೇಂದ್ರಗಡದಿಂದಲೂ ಇದೇ ಪ್ರಶ್ನೆ ಬಂದಿದೆ. ವಿಡಿಯೋ ನೋಡಿ ಹತ್ತಿಪ್ಪತ್ತು ಸಾವಿರ ಸುರಿಯೋ ಮೊದಲು ಈ ಲೇಖನ ಪೂರ್ತಿ ಓದ್ರಿ.

ನಾನು ತೋಟಗಾರಿಕೆ ಓದಿದವನು, ಮೆಕ್ಯಾನಿಕ್ ಅಲ್ಲ. ಆದ್ರೆ ಸೆಕೆಂಡ್ ಹ್ಯಾಂಡ್ ಪಿಕಪ್‌ನಲ್ಲೇ ಎಂಟು ವರ್ಷದಿಂದ ತರಕಾರಿ, ಈರುಳ್ಳಿ ಸಾಗಿಸ್ತಾ ಇದ್ದೀನಿ. ಮೂರು ವರ್ಷದ ಹಿಂದೆ ನನ್ನ ಗಾಡಿಗೂ ಇದೇ ರೋಗ ಬಂದಿತ್ತು. ಗಜೇಂದ್ರಗಡದ ಗುಡ್ಡದ ಏರಿನಲ್ಲಿ ಸೆಕೆಂಡ್ ಗೇರ್‌ನಲ್ಲೂ ಉಸಿರುಗಟ್ಟಿ ನಿಂತಿತ್ತು. ಹುಬ್ಬಳ್ಳಿ ಮಾರ್ಕೆಟ್ ಮುಟ್ಟೋ ಹೊತ್ತಿಗೆ ಸವಾಲು ಮುಗಿದಿತ್ತು, ಮಾಲು ಒಂದಿನ ಚೀಲದಲ್ಲೇ ಕುಂತಿತು. ಒಬ್ಬರು ಚಿಪ್ ಹಾಕ್ಸು ಅಂದ್ರು, ಇನ್ನೊಬ್ಬರು ಪಂಪ್‌ನಲ್ಲಿ ಡೀಸೆಲ್ ಏರಿಸು ಅಂದ್ರು. ಕೊನೆಗೆ ಸಿಕ್ಕ ಕಾರಣ ಏನು ಗೊತ್ತಾ? ಕಡಲೆ ಹೊಟ್ಟಿನ ಧೂಳು ತುಂಬಿದ ಏರ್ ಫಿಲ್ಟರ್, ಮತ್ತೆ ಸೀಳಿದ್ದ ಒಂದು ರಬ್ಬರ್ ಹೋಸ್. ಎಲ್ಲಾ ಸೇರಿ ಮೂರು ಸಾವಿರದೊಳಗೆ ಮುಗೀತು.

ಪವರ್ ಎಲ್ಲಿಂದ ಬರುತ್ತೆ?

ಡೀಸೆಲ್ ಎಂಜಿನ್‌ಗೆ ಮೂರು ಬೇಕು: ಸಾಕಷ್ಟು ಗಾಳಿ, ಅಳತೆಗೆ ಸರಿಯಾದ ಡೀಸೆಲ್, ಗಾಳಿಯನ್ನು ಬಿಗಿಯಾಗಿ ಒತ್ತೋ ಕಂಪ್ರೆಷನ್. ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿದ ಗಾಳಿ ಕಾದು ಕೆಂಡದಂತಾದಾಗ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತೆ. ಚಿಪ್ ಅಥವಾ ರೀಮ್ಯಾಪ್ ಮಾಡೋದು ಮುಖ್ಯವಾಗಿ ಇಷ್ಟೇ: ಹೆಚ್ಚು ಡೀಸೆಲ್ ಬಿಡೋದು, ಟರ್ಬೊ ಒತ್ತಡ ಏರಿಸೋದು. ಅದು ಹೊಸ ರಿಂಗ್ ಕೊಡಲ್ಲ, ಸೋರೋ ಹೋಸ್ ಮುಚ್ಚಲ್ಲ.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಬೇರು ಕೊಳೆತ ಮೆಣಸಿನಗಿಡಕ್ಕೆ ಯೂರಿಯಾ ಸುರಿದಂಗೆ. ಎರಡು ದಿನ ಹಸಿರಾಗಿ ಕಾಣುತ್ತೆ, ಆಮೇಲೆ ಪೂರ್ತಿ ಹೋಗುತ್ತೆ. ಗೊಬ್ಬರ ಹಾಕೋ ಮೊದಲು ಮಣ್ಣು ಪರೀಕ್ಷೆ ಮಾಡಿಸ್ತೀವಲ್ಲ, ಹಂಗೇ ಎಂಜಿನ್ ಪರೀಕ್ಷೆ ಮೊದಲು ಆಗಲಿ.

ಮನೆ ಮುಂದೆಯೇ ಮಾಡಬಹುದಾದ ತಪಾಸಣೆ

1. ಏರ್ ಫಿಲ್ಟರ್: ನಮ್ಮ ಎರೆ ಭೂಮಿಯ ಧೂಳು ಹಿಟ್ಟಿನಂಗೆ ಸಣ್ಣ. ಕಡಲೆ, ಜೋಳದ ರಾಶಿ ಹೊತ್ತಿನಲ್ಲಿ ಮಶಿನ್ ಪಕ್ಕ ಗಾಡಿ ಚಾಲೂ ಇಟ್ಟು ನಿಲ್ಲಿಸಿದ್ರೆ ಒಂದೇ ವಾರದಲ್ಲಿ ಫಿಲ್ಟರ್ ಕಟ್ಟಬಹುದು. ಕಾಗದದ ಫಿಲ್ಟರ್ ನೀರಲ್ಲಿ ತೊಳೀಬೇಡ್ರಿ. ಒಳಗಿನಿಂದ ಹೊರಗೆ ಕಡಿಮೆ ಒತ್ತಡದ ಗಾಳಿ ಹೊಡೀರಿ. ಹರಿದಿದ್ರೆ, ಕರ್ರಗಾಗಿದ್ರೆ ಬದಲಿಸ್ರಿ.

2. ಡೀಸೆಲ್ ಫಿಲ್ಟರ್: ಕ್ಯಾನ್, ಡ್ರಮ್ಮಿನಲ್ಲಿ ಇಟ್ಟ ಡೀಸೆಲ್‌ಗೆ ನೀರು, ಕಸ ಸೇರುತ್ತೆ. ಫಿಲ್ಟರ್ ಕೆಳಗೆ ನೀರು ಬಿಡೋ ತಿರುಪು ಇದ್ದರೆ ಬಿಚ್ಚಿ ನೀರು ಬಸೀರಿ. ನೀರು ಸೇರಿದ ಡೀಸೆಲ್ ಪಂಪು, ಇಂಜೆಕ್ಟರ್ ಎರಡನ್ನೂ ತಿನ್ನುತ್ತೆ.

3. ಟರ್ಬೊ, ಇಂಟರ್‌ಕೂಲರ್ ಹೋಸ್: ಎಕ್ಸಲೇಟರ್ ಒತ್ತಿದಾಗ 'ಸುಯ್' ಅಂತ ಸಪ್ಪಳ ಬರ್ತದಾ? ಹೋಸ್ ಜೋಡಣೆಯಲ್ಲಿ ಎಣ್ಣೆ ಜಿಡ್ಡು ಐತಾ? ಹಂಗಿದ್ರೆ ಒತ್ತಿದ ಗಾಳಿ ಹೊರಗೆ ಸೋರ್ತಾ ಇರಬಹುದು.

4. ರೇಡಿಯೇಟರ್: ಜಾಲರಿಯಲ್ಲಿ ಹೊಟ್ಟು ತುಂಬಿದ್ರೆ ಎಂಜಿನ್ ಕಾಯುತ್ತೆ. ಇಂಟರ್‌ಕೂಲರ್ ಜಾಲರಿ ಕಟ್ಟಿದ್ರೆ ಗಾಳಿ ಬಿಸಿಯಾಗೇ ಒಳಗೆ ಹೋಗುತ್ತೆ. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಹಂಗಾಗಿ ಪವರ್ ಕಡಿಮೆ.

5. ಕ್ಲಚ್: ಮೇಲಿನ ಗೇರ್‌ನಲ್ಲಿ ಎಕ್ಸಲೇಟರ್ ಒತ್ತಿದಾಗ ಎಂಜಿನ್ ಕೂಗಿ, ವೇಗ ಏರದಿದ್ರೆ ಕ್ಲಚ್ ಜಾರ್ತಾ ಇದೆ. ಅಲ್ಲಿ ಎಂಜಿನ್ ತಪ್ಪೇನಿಲ್ಲ.

6. ಬ್ರೇಕ್, ಟೈರ್: ಹೆಚ್ಚು ಬ್ರೇಕ್ ಹಿಡೀದೆ ಹತ್ತು ಕಿಲೋಮೀಟರ್ ಓಡ್ಸಿ, ಚಕ್ರದ ಹತ್ರ ಕೈ ಒಯ್ದು ನೋಡ್ರಿ, ಮುಟ್ಟಬೇಡ್ರಿ. ಒಂದೇ ಚಕ್ರ ಬಹಳ ಕಾದಿದ್ರೆ ಬ್ರೇಕ್ ಹಿಡಿದುಕೊಂಡೇ ಓಡ್ತಾ ಇದೆ. ಟೈರ್ ಗಾಳಿ ಕಡಿಮೆ ಇದ್ರೂ ಎಂಜಿನ್ ಮೇಲೆ ಭಾರ ಬೀಳುತ್ತೆ.

ಹೊಗೆ ಏನು ಹೇಳುತ್ತೆ?

ಕಪ್ಪು ಹೊಗೆ ಅಂದ್ರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಆಗಲೇ ಕಪ್ಪು ಹೊಗೆ ಉಗುಳೋ ಗಾಡಿಗೆ ಚಿಪ್ ಹಾಕ್ಸಿದ್ರೆ ಹೊಗೆ ಮತ್ತಷ್ಟು ದಪ್ಪ ಆಗುತ್ತೆ, ಅಷ್ಟೇ. ನೀಲಿ ಹೊಗೆ ಅಂದ್ರೆ ಎಂಜಿನ್ ಆಯಿಲ್ ಸುಡ್ತಾ ಇದೆ: ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸೀಲ್ ಸವೆದಿರಬಹುದು. ಕಾದ ಮೇಲೂ ಬಿಳಿ ಹೊಗೆ ಬಂದು ಕೂಲೆಂಟ್ ಕಡಿಮೆ ಆಗ್ತಾ ಇದ್ರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡ್ರಿ.

ಇನ್ನೊಂದು ಸರಳ ಪರೀಕ್ಷೆ: ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಹಾಕೋ ಮುಚ್ಚಳ ನಿಧಾನ ಸಡಿಲ ಮಾಡ್ರಿ. ಬಿಸಿ ಎಣ್ಣೆ ಸಿಡೀಬಹುದು, ಮುಖ ದೂರ ಇರಲಿ. ಹೊಗೆ ಜೋರಾಗಿ ತಳ್ಳಿಕೊಂಡು ಬಂದು ಮುಚ್ಚಳ ಕುಣೀತಾ ಇದ್ರೆ ರಿಂಗ್ ಸವೆದಿರೋ ಲಕ್ಷಣ. ಆಗ ಗ್ಯಾರೇಜ್‌ನಲ್ಲಿ ಕಂಪ್ರೆಷನ್ ಟೆಸ್ಟ್ ಕೇಳ್ರಿ. ಎಲ್ಲಾ ಸಿಲಿಂಡರ್‌ಗಳ ಅಂಕಿ ಒಂದಕ್ಕೊಂದು ಹತ್ರ ಇರಬೇಕು. ಎಷ್ಟಿರಬೇಕು ಅನ್ನೋದು ನಿಮ್ಮ ಎಂಜಿನ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಚೆಕ್ ಎಂಜಿನ್ ಲೈಟ್ ಹತ್ತಿದ್ರೆ ಸ್ಕ್ಯಾನರ್ ಹಚ್ಚಿಸ್ರಿ. ತೊಂದರೆ ಕಂಡಾಗ ಕಂಪ್ಯೂಟರ್ ತಾನೇ ಪವರ್ ಕಡಿಮೆ ಮಾಡಿರುತ್ತೆ.

ಹಳೇ ಎಂಜಿನ್‌ಗೆ ಚಿಪ್ ಹಾಕ್ಸಿದ್ರೆ ಏನಾಗುತ್ತೆ?

ಸಿಲಿಂಡರ್ ಒಳಗೆ ಉರಿಯ ಶಾಖ 2000 ಡಿಗ್ರಿ ದಾಟುತ್ತೆ. ಪಿಸ್ಟನ್‌ಗಳು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದವು. ಶುದ್ಧ ಅಲ್ಯೂಮಿನಿಯಂ ಕರಗೋದು ಸುಮಾರು 660 ಡಿಗ್ರಿಗೆ. ಮತ್ತೆ ಪಿಸ್ಟನ್ ಹೆಂಗೆ ಉಳೀತದೆ? ಉರಿ ಇರೋದು ಕ್ಷಣ ಮಾತ್ರ, ಆ ಶಾಖವನ್ನು ಆಯಿಲ್ ಮತ್ತು ಕೂಲೆಂಟ್ ಎಳೆದುಕೊಂಡು ಹೋಗ್ತವೆ. ಹಳೇ ಗಾಡಿಯಲ್ಲಿ ಆಯಿಲ್ ಪಂಪ್ ಸವೆದಿರುತ್ತೆ, ರೇಡಿಯೇಟರ್ ಅರ್ಧ ಕಟ್ಟಿರುತ್ತೆ. ಅದರ ಮೇಲೆ ಡೀಸೆಲ್ ಹೆಚ್ಚು ಸುರಿದು, ಬ್ಯಾಸಿಗಿಯಲ್ಲಿ ಲೋಡ್ ಹಾಕಿ ಏರು ಹತ್ತಿಸಿದ್ರೆ ಪಿಸ್ಟನ್, ಗ್ಯಾಸ್ಕೆಟ್, ಟರ್ಬೊ, ಕ್ಲಚ್ ನಾಲ್ಕರಲ್ಲಿ ಯಾವುದು ಮೊದಲು ಹೋಗುತ್ತೆ ಅನ್ನೋದಷ್ಟೇ ಪ್ರಶ್ನೆ. ಬೋರ್ ಕೆಲಸಕ್ಕೆ ಬಂದ್ರೆ ಒಂದು ಸುಗ್ಗಿಯ ಲಾಭ ಅಲ್ಲೇ ಹೋಯ್ತು.

ಕಾನೂನೂ ಐತಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ಮೂಲ ವಿವರಕ್ಕೆ ಹೊಂದದಂಗೆ ಗಾಡಿ ಬದಲಾಯಿಸೋ ಹಂಗಿಲ್ಲ. 2019ರ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತ ಆದಾಗ ವಿಮೆಯವರು ತಕರಾರು ತೆಗೀಬಹುದು. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಯಲ್ಲಿ ಹೊಗೆ ಸೋಸೋ ಫಿಲ್ಟರ್ ಕಿತ್ತು ಹಾಕ್ಸೋ ಸಲಹೆಯನ್ನಂತೂ ಕೇಳಲೇಬೇಡ್ರಿ.

ಪುಕ್ಕಟೆ ಸಿಗೋ 20% ಪವರ್

ಈಗ ಲೆಕ್ಕ. ಗಾಡಿ, ಮಾಲು ಸೇರಿ 3,000 ಕೆಜಿ ಅನ್ಕೊಳ್ರಿ. ಅದರಲ್ಲಿ 500 ಕೆಜಿ ಇಳಿಸಿದ್ರೆ 2,500 ಕೆಜಿ. ನಿಧಾನಕ್ಕೆ ಏರು ಹತ್ತುವಾಗ ಬೇಕಾದ ಪವರ್ ತೂಕಕ್ಕೆ ತಕ್ಕಂಗೆ ಇರುತ್ತೆ. 3,000 ಭಾಗಿಸು 2,500 ಅಂದ್ರೆ 1.2. ಅಂದ್ರೆ 75 ಎಚ್‌ಪಿ ಎಂಜಿನ್ 90 ಎಚ್‌ಪಿ ಆದಷ್ಟೇ ಹಗುರ! ಯಾವ ಚಿಪ್ಪೂ ಬೇಡ. 50 ಕೆಜಿಯ ಹತ್ತು ಚೀಲ ಕಡಿಮೆ ಹಾಕಿದ್ರೆ ಸಾಕು.

"ಎರಡನೇ ಟ್ರಿಪ್ ಖರ್ಚು?" ಅಂತೀರಿ, ಖರೆ. ಆದ್ರೆ ಓವರ್‌ಲೋಡ್‌ಗೆ ಕಾಯ್ದೆಯಲ್ಲಿ ₹20,000, ಮೇಲಿನ ಪ್ರತಿ ಟನ್ನಿಗೆ ₹2,000 ದಂಡ ಐತಿ. ಅದಕ್ಕಿಂತ ದೊಡ್ಡ ಮಾತು, ಚಿಪ್ ಪವರ್ ಏರಿಸುತ್ತೆ, ಬ್ರೇಕ್ ಏರಿಸಲ್ಲ. ಏರು ಹತ್ತಿದ ಗಾಡಿ ಅದೇ ಭಾರ ಹೊತ್ತು ಇಳೀಲೇಬೇಕು. ಕ್ಯಾಬಿನ್‌ನಲ್ಲಿ ನೀವಿರ್ತೀರಿ, ಮಾಲಿನ ಮೇಲೆ ಆಳು ಕೂತಿರ್ತಾರೆ. ಮಾಲಿನ ಮೇಲೆ ಮಂದಿ ಕೂಡ್ಸೋದೂ ಬಿಡ್ರಿ.

ನನ್ನ ಸಲಹೆ, ಈ ಕ್ರಮದಲ್ಲಿ

- ಮೊದಲು ಫಿಲ್ಟರ್, ಹೋಸ್, ಟೈರ್, ಬ್ರೇಕ್, ಕ್ಲಚ್.
- ಆಮೇಲೆ ಸ್ಕ್ಯಾನ್, ಕಂಪ್ರೆಷನ್, ಟರ್ಬೊ ತಪಾಸಣೆ, ಮಸಿ ಕಟ್ಟಿದ ಇಜಿಆರ್ ವಾಲ್ವ್ ಸ್ವಚ್ಛ.
- ಇಂಜೆಕ್ಟರ್‌ಗಳನ್ನು ಟೆಸ್ಟ್ ಬೆಂಚ್ ಮೇಲೆ ಕಂಪನಿ ಅಳತೆಗೆ ಸರಿ ಮಾಡಿಸ್ರಿ, ಅದಕ್ಕಿಂತ ಹೆಚ್ಚಿಗೆ ಬೇಡ.
- ಕಂಪ್ರೆಷನ್ ಹೋಗಿದ್ರೆ ಎಂಜಿನ್ ಕೆಲಸವೇ ಮದ್ದು. ಎಂಜಿನ್ ಬದಲಿಸಿದ್ರೆ ಹೊಸ ನಂಬರ್ ಆರ್‌ಸಿಯಲ್ಲಿ ಏರಿಸೋದು ಮರೀಬೇಡ್ರಿ.
- ರಿಪೇರಿ ಖರ್ಚು ಗಾಡಿ ಬೆಲೆಯ ಅರ್ಧ ದಾಟಿದ್ರೆ ಮಾರೋದೇ ಚಲೋ. ಹಳೇದು ಕೊಳ್ಳುವಾಗ ನೆರೆ ನೀರಿಗೆ ಸಿಕ್ಕ ಗಾಡಿ ಹೌದಾ ನೋಡ್ರಿ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಕೊಣ್ಣೂರು, ಹೊಳೆಆಲೂರು ಕಡೆ ನುಗ್ಗಿದ್ದು ನೆನಪಿರಲಿ. ಸೀಟಿನ ಕೆಳಗೆ, ವೈರಿಂಗ್ ಒಳಗೆ ರಾಡಿ ಉಳಿದಿರುತ್ತೆ.

ಆ ರೋಣದ ತಮ್ಮನ ಗಾಡಿ ಏನಾಯ್ತು ಅಂತೀರಾ? ಹಿಂದಿನ ಎಡ ಚಕ್ರದ ಬ್ರೇಕ್ ಹಿಡಿದಿತ್ತು, ಡೀಸೆಲ್ ಫಿಲ್ಟರ್‌ನಿಂದ ಅರ್ಧ ಲೋಟ ನೀರು ಬಂತು. ಈಗ ಏರು ಹತ್ತೇತಿ. ಚಿಪ್ಪಿಗೆ ಇಟ್ಟಿದ್ದ ರೊಕ್ಕದಲ್ಲಿ ಎರಡು ಹೊಸ ಟೈರ್ ಹಾಕ್ಸಿದ. ನೀವೂ ಈ ಭಾನುವಾರ ಬಾನೆಟ್ ಎತ್ತಿ ಒಂದು ತಾಸು ಕೊಡ್ರಿ. ಸುಗ್ಗಿ ನಡುವೆ ಗಾಡಿ ನಿಂತ್ರೆ ಮಾರ್ಕೆಟ್ ನಮಗಾಗಿ ಕಾಯಂಗಿಲ್ಲ.