ತೋಳಿನ ಬಲವೂ ಎಣ್ಣೆಯ ಬಲವೂ

ನೀರು ಕಾಣದ ಸೀಮೆಯವನು ದೋಣಿಯ ಮಾತನ್ನೆತ್ತಿದರೆ ಓದುಗ ಬಂಧುಗಳು ನಕ್ಕಾರು. ಅನಂತಪುರದ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ ಸುಮಾರು ೫೫೦ ಮಿಲಿಮೀಟರು. ನಮ್ಮ ರಾಯದುರ್ಗದ ಕಡೆಯ ಹಗರಿಯಲ್ಲಿ ನೀರನ್ನು ಕಂಡ ದಿನಗಳಿಗಿಂತ ಮರಳನ್ನು ಕಂಡ ದಿನಗಳೇ ಹೆಚ್ಚು. ಆದರೂ ನಾನು ಹೇಳಹೊರಟಿರುವ ಸಂಗತಿ ಮೊದಲಾದದ್ದು ಒಂದು ದೋಣಿಯಲ್ಲಿಯೇ.

ಹಿಂದೊಂದು ಬೇಸಗೆಯ ರಜೆಯಲ್ಲಿ ಬಂಧುಗಳ ಮನೆಯ ಮದುವೆಗೆಂದು ಕಾಸರಗೋಡಿಗೆ ಹೋಗಿದ್ದೆ. ೧೯೫೩ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದವರೂ ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನವರೂ ಒಂದೆಡೆ ಕುಳಿತರೆ ಮಾತು ಬೇಗ ಮುಗಿಯುವುದಿಲ್ಲವಷ್ಟೆ. ಮದುವೆಯ ಮರುದಿನ ನೆಂಟರು ನನ್ನನ್ನು ಚಂದ್ರಗಿರಿ ಹೊಳೆಗೆ ಕರೆದೊಯ್ದು ಒಂದು ಸಣ್ಣ ಮೋಟಾರು ದೋಣಿಯಲ್ಲಿ ಕೂರಿಸಿದರು. ಹೊಳೆಯ ಸೊಬಗಿಗಿಂತ ನನ್ನ ಕಣ್ಣು ನೆಟ್ಟದ್ದು ದೋಣಿ ನಡೆಸುವವನ ತೋಳುಗಳ ಮೇಲೆ. ಪ್ರತಿ ತಿರುವಿನಲ್ಲಿಯೂ ಆತ ಚುಕ್ಕಾಣಿಯ ಚಕ್ರವನ್ನು ಎರಡೂ ಕೈಗಳಿಂದ ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸುತ್ತಿದ್ದ. ವಿಚಾರಿಸಿದಾಗ, “ಕೇಬಲ್ಲು ಉಪ್ಪು ತಿಂದು ಬಿಗಿದುಕೊಂಡಿದೆ ಮಾಷ್ಟ್ರೇ, ಇನ್ನು ಹೈಡ್ರಾಲಿಕ್ಕಿಗೆ ಬದಲಿಸಬೇಕು” ಎಂದ.

ಆ ಮಾತನ್ನು ಕೇಳಿದೊಡನೆ ನನ್ನ ಮನಸ್ಸು ನೂರಾರು ಮೈಲಿ ದಾಟಿ ನಮ್ಮೂರಿನ ಗದ್ದೆಗೆ ಬಂದಿತು. ಅಲ್ಲಿಯೂ ಒಂದು ಚಕ್ರ, ಅದನ್ನು ತಿರುಗಿಸಲಾರದ ತೋಳು ಇದ್ದವು.

ಒಂದು ಮನೆಯ ಪ್ರಶ್ನೆ

ನಮ್ಮೂರು ಇರುವುದು ಕಣೇಕಲ್ಲಿನ ಕಡೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು ತಲಪುವ ನೆಲದಲ್ಲಿ ಬತ್ತ, ತಲಪದ ನೆಲದಲ್ಲಿ ಶೇಂಗಾ. ನೆರೆಮನೆಯ ಹಿರಿಯರೊಬ್ಬರು ಹಳೆಯ ಟ್ರ್ಯಾಕ್ಟರೊಂದನ್ನು ಇಟ್ಟುಕೊಂಡು ಎರಡು ಬಗೆಯ ಭೂಮಿಯನ್ನೂ ತಾವೇ ಉಳುತ್ತ ಬಂದವರು. ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಉಳಿದವರು ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು.

ಒಂದು ಸಂಜೆ ಅವರು ಬಲದ ಭುಜವನ್ನು ಒತ್ತಿಕೊಳ್ಳುತ್ತ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. “ಮೇಷ್ಟ್ರೇ, ಇನ್ನೊಂದು ಮುಂಗಾರಿಗೆ ಈ ತೋಳು ತಡೀಲಾರದು. ಭೂಮಿ ಗುತ್ತಿಗೆಗೆ ಕೊಟ್ಟುಬಿಡಲೇನು?” ಎಂದರು. ಕೆಸರುಗದ್ದೆಯಲ್ಲಿ ಮುಂಗಾಲಿಗಳು ಹೂತಾಗ ಸ್ಟೇರಿಂಗನ್ನು ತಿರುಗಿಸುವುದು ಅವರಿಗೆ ಅಸಾಧ್ಯವಾಗಿತ್ತು. ಹಿಂದೊಮ್ಮೆ ಗಾಲಿ ಕಲ್ಲಿಗೆ ಬಡಿದು ಚಕ್ರ ತಾನೇ ಗಿರ್ರನೆ ತಿರುಗಿ ಅವರ ಹೆಬ್ಬೆರಳನ್ನು ಮುರಿದಿತ್ತು. ಸೊಸೆ ತಾನು ಕಲಿಯುತ್ತೇನೆಂದು ಮುಂದೆ ಬಂದಿದ್ದಳು. ಅವಳು ಪಕ್ಕದೂರಿನಿಂದ ನಡೆದು ಬಂದು ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು, ನನ್ನ ವಿದ್ಯಾರ್ಥಿನಿ. ಒಣ ಹೊಲದಲ್ಲಿ ಹೇಗೋ ಓಡಿಸಿದಳು. ಗದ್ದೆಯಲ್ಲಿ ಅವಳ ಕೈಗಳೂ ಸೋತವು.

ಗುತ್ತಿಗೆಗೆ ಕೊಟ್ಟ ಭೂಮಿ ಮರಳಿ ಮನೆಯವರ ಕೈಗೆ ಬರುವುದು ಎಷ್ಟು ಕಷ್ಟವೆಂಬುದನ್ನು ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಆದುದರಿಂದ ಕಾಸರಗೋಡಿನಿಂದ ಹಿಂದಿರುಗಿದವನೇ ಅವರ ಮನೆಗೆ ಹೋಗಿ, “ಗುತ್ತಿಗೆಯ ಮಾತನ್ನು ಒಂದು ತಿಂಗಳು ತಡೆಯಿರಿ. ಮೊದಲು ಸ್ಟೇರಿಂಗನ್ನು ಬದಲಿಸಿ ನೋಡೋಣ” ಎಂದೆ.

ಸಿರಿಂಜಿನ ಪಾಠ

ಹಳೆಯ ಬಗೆಯ ಸ್ಟೇರಿಂಗಿನಲ್ಲಿ ಕೈಯಿಂದ ಗಾಲಿಯವರೆಗೆ ಎಲ್ಲವೂ ಕಬ್ಬಿಣವೇ. ಚಕ್ರದ ದಂಡವು ಸ್ಟೇರಿಂಗ್ ಬಾಕ್ಸಿನೊಳಗಿನ ಸುರುಳಿಯನ್ನು ತಿರುಗಿಸುತ್ತದೆ, ಅದು ಒಂದು ತೋಳನ್ನು ಆಡಿಸುತ್ತದೆ, ತೋಳು ರಾಡುಗಳ ಮೂಲಕ ಮುಂಗಾಲಿಗಳನ್ನು ಹೊರಳಿಸುತ್ತದೆ. ಕೈಯ ಬಲ ಗಾಲಿಗೆ ಹೋಗುವ ದಾರಿಯಲ್ಲಿಯೇ ಗಾಲಿಗೆ ಬಿದ್ದ ಪೆಟ್ಟೂ ಕೈಗೆ ಬರುತ್ತದೆ. ನಮ್ಮ ಹಿರಿಯರ ಹೆಬ್ಬೆರಳು ಮುರಿದದ್ದು ಆ ದಾರಿಯಿಂದಲೇ.

ಈ ಕಬ್ಬಿಣದ ಕೊಂಡಿಯ ಬದಲು ಎಣ್ಣೆಯನ್ನು ಇರಿಸುವುದೇ ಹೈಡ್ರಾಲಿಕ್ ವ್ಯವಸ್ಥೆ. ಇದರ ತತ್ತ್ವವನ್ನು ೧೭ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (೧೬೨೩–೧೬೬೨) ತಿಳಿಸಿದನು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದೇ ತತ್ತ್ವದಿಂದ ಒತ್ತುಯಂತ್ರವನ್ನು ರಚಿಸಿ ಹಕ್ಕುಪತ್ರ ಪಡೆದನು. ೧೯೨೬ರಲ್ಲಿ ಅಮೆರಿಕದ ಇಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಅದನ್ನು ಮೋಟಾರು ವಾಹನದ ಸ್ಟೇರಿಂಗಿಗೆ ಅಳವಡಿಸಿ ತೋರಿಸಿದನು. ಮಾರಾಟದ ಕಾರಿನಲ್ಲಿ ಅದು ಬಂದುದು ೧೯೫೧ರಲ್ಲಿ.

ಶಿಕ್ಷಕ ತರಬೇತಿಯ ದಿನಗಳಲ್ಲಿ ಕಲಿತ ಒಂದು ಪ್ರಯೋಗವನ್ನು ನಾನು ಪ್ರತಿ ವರ್ಷವೂ ಮಾಡಿ ತೋರಿಸುತ್ತೇನೆ. ಒಂದು ಸಣ್ಣ ಸಿರಿಂಜು, ಒಂದು ದೊಡ್ಡ ಸಿರಿಂಜು, ನಡುವೆ ಒಂದು ಸಪೂರ ನಳಿಗೆ. ಎಲ್ಲದರಲ್ಲಿಯೂ ನೀರು. ದೊಡ್ಡದರ ಅಡ್ಡಳತೆ ಸಣ್ಣದರ ಎರಡರಷ್ಟಿದ್ದರೆ ಅದರ ಹರವು ನಾಲ್ಕರಷ್ಟು. ಸಣ್ಣದನ್ನು ಒಂದು ಪಾಲು ಬಲದಿಂದ ಒತ್ತಿದರೆ ದೊಡ್ಡದು ನಾಲ್ಕು ಪಾಲು ಬಲದಿಂದ ಏಳುತ್ತದೆ. ಆದರೆ ದೇವರು ಯಾವುದನ್ನೂ ಬಿಟ್ಟಿ ಕೊಡುವುದಿಲ್ಲ. ಸಣ್ಣದನ್ನು ನಾಲ್ಕು ಅಂಗುಲ ಒತ್ತಿದಾಗ ದೊಡ್ಡದು ಏಳುವುದು ಒಂದೇ ಅಂಗುಲ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು.

ಆ ಬಳಿಕ ನಳಿಗೆಯೊಳಗೆ ಬೇಕೆಂದೇ ಒಂದು ಗಾಳಿಗುಳ್ಳೆಯನ್ನು ಬಿಡುತ್ತೇನೆ. ಈಗ ಸಣ್ಣದನ್ನು ಒತ್ತಿದರೆ ದೊಡ್ಡದು ಒಡನೆಯೇ ಏಳುವುದಿಲ್ಲ. ಗಾಳಿ ಮೊದಲು ಕುಗ್ಗುತ್ತದೆ, ಕೈಗೆ ಹತ್ತಿಯನ್ನು ಒತ್ತಿದಂತೆ ಆಗುತ್ತದೆ. ಮಕ್ಕಳು ನಗುತ್ತಾರೆ. ಈ ಗುಳ್ಳೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ದೋಣಿಯಲ್ಲಿ ಹೇಗೆ, ಟ್ರ್ಯಾಕ್ಟರಿನಲ್ಲಿ ಹೇಗೆ

ಸಣ್ಣ ಮೋಟಾರು ದೋಣಿಯಲ್ಲಿ ಸಾಮಾನ್ಯವಾಗಿ ಚಕ್ರದಿಂದ ಹಿಂದಿನ ಇಂಜಿನಿನವರೆಗೆ ಒಂದು ಕೇಬಲ್ಲು ಇರುತ್ತದೆ. ಉಪ್ಪುನೀರಿಗೆ ಅದು ತುಕ್ಕು ಹಿಡಿದು ಬಿಗಿಯುತ್ತದೆ. ನೀರನ್ನು ಕಡೆಯುವ ಪ್ರೊಪೆಲರ್ ಇಂಜಿನನ್ನು ಒಂದು ಪಕ್ಕಕ್ಕೆ ಸೆಳೆಯುವುದರಿಂದ ಆ ಸೆಳೆತವೂ ಕೈಗೆ ಬರುತ್ತಲೇ ಇರುತ್ತದೆ. ಬದಲಿಸುವಾಗ ಕೇಬಲ್ಲನ್ನು ತೆಗೆದು, ಚಕ್ರದ ಹಿಂದೆ ಒಂದು ಪುಟ್ಟ ಪಂಪನ್ನೂ ಇಂಜಿನಿನ ಬಳಿ ಒಂದು ಸಿಲಿಂಡರನ್ನೂ ಕೂರಿಸಿ, ಎರಡು ಹೋಸ್ ಪೈಪುಗಳಿಂದ ಜೋಡಿಸುತ್ತಾರೆ. ಚಕ್ರವನ್ನು ತಿರುಗಿಸುವ ಕೈಯೇ ಪಂಪನ್ನು ನಡೆಸುತ್ತದೆ. ಚಕ್ರವನ್ನು ಹೆಚ್ಚು ಸುತ್ತು ತಿರುಗಿಸಬೇಕಾದೀತು, ಆದರೆ ಪ್ರತಿ ಸುತ್ತೂ ಹಗುರ. ಪಂಪಿನೊಳಗಿನ ಕವಾಟಗಳು ಎಣ್ಣೆಯನ್ನು ಹಿಂದಕ್ಕೆ ಬಿಡದ ಕಾರಣ ಇಂಜಿನಿನ ಸೆಳೆತ ಕೈಗೆ ತಟ್ಟುವುದಿಲ್ಲ. ಇಂಜಿನಿನ ಅಶ್ವಶಕ್ತಿಗೆ ತಕ್ಕ ಸಿಲಿಂಡರನ್ನೇ ಆರಿಸಬೇಕೆಂಬುದನ್ನು ಕರಾವಳಿಯ ಓದುಗರು ಮರೆಯಬಾರದು.

ಟ್ರ್ಯಾಕ್ಟರಿನ ಹೊರೆ ಇನ್ನೂ ದೊಡ್ಡದು. ಅಲ್ಲಿ ಪಂಪನ್ನು ನಡೆಸುವುದು ಕೈಯಲ್ಲ, ಇಂಜಿನು. ಕೈ ತಿರುಗಿಸುವ ಚಕ್ರವು ಎಣ್ಣೆಯನ್ನು ಎಡಕ್ಕೆ ಬಿಡಬೇಕೋ ಬಲಕ್ಕೆ ಬಿಡಬೇಕೋ, ಎಷ್ಟು ಬಿಡಬೇಕೋ ಎಂಬುದನ್ನು ಮಾತ್ರ ನಿರ್ಣಯಿಸುತ್ತದೆ. ಲೆಕ್ಕವನ್ನು ನೋಡಿ. ಸಿಲಿಂಡರಿನೊಳಗಿನ ಪಿಸ್ಟನ್ನಿನ ಅಡ್ಡಳತೆ ೪ ಸೆಂಟಿಮೀಟರಾದರೆ ಅದರ ಹರವು ಸುಮಾರು ೧೨.೫ ಚದರ ಸೆಂಟಿಮೀಟರು. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ೮೦ ಕಿಲೋಗ್ರಾಂ ಎಂದಿಟ್ಟುಕೊಂಡರೆ ಪಿಸ್ಟನ್ನಿನ ಮೇಲೆ ಬೀಳುವ ಬಲ ಸುಮಾರು ೧೦೦೦ ಕಿಲೋಗ್ರಾಂ. ಮುದುಕರ ತೋಳಿನ ಮಾತಿರಲಿ, ಜಟ್ಟಿಯ ತೋಳೂ ಇದಕ್ಕೆ ಸಮನಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪಿಸ್ಟನ್ನಿನ ಒಂದೇ ಪಕ್ಕದಲ್ಲಿ ೨ ಸೆಂಟಿಮೀಟರು ದಪ್ಪದ ದಂಡವಿದ್ದರೆ ಆ ಪಕ್ಕದಲ್ಲಿ ಎಣ್ಣೆ ಒತ್ತುವ ಹರವು ಸುಮಾರು ೯.೪ ಚದರ ಸೆಂಟಿಮೀಟರಿಗೆ ಇಳಿಯುತ್ತದೆ, ಬಲ ಸುಮಾರು ೭೫೦ ಕಿಲೋಗ್ರಾಮಿಗೆ ಇಳಿಯುತ್ತದೆ. ಎರಡೂ ಪಕ್ಕ ದಂಡವಿರುವ ಸಿಲಿಂಡರಿನಲ್ಲಿ ಈ ಭೇದವಿಲ್ಲ, ಎಡಕ್ಕೂ ಬಲಕ್ಕೂ ತಿರುವು ಒಂದೇ ಸಮ. ಕೊಳ್ಳುವಾಗ ಇದನ್ನು ಕೇಳಿ ತಿಳಿಯುವುದು ಒಳಿತು.

ಗುಳ್ಳೆ ಮರಳಿ ಬಂದ ದಿನ

ಹಿರಿಯರು ಒಪ್ಪಿದರು. ಟ್ರ್ಯಾಕ್ಟರನ್ನು ಪಟ್ಟಣದ ಒಂದು ಕಾರ್ಖಾನೆಗೆ ಒಯ್ದು, ಅದೇ ಮಾದರಿಗೆಂದು ತಯಾರಾದ ಸಾಮಾನುಗಳನ್ನು ಹಾಕಿಸಿದ್ದಾಯಿತು. ಮರುದಿನ ಬೆಳಿಗ್ಗೆ ಸೊಸೆ ಟ್ರೇಲರು ಕಟ್ಟಿಕೊಂಡು ಕಾಲುವೆಯ ಏರಿಯ ಮೇಲೆ ಹೊರಟಳು, ಜೊತೆಗೆ ಮಾವ. ಕಾಲು ಮೈಲಿಯೂ ಹೋಗಿರಲಿಲ್ಲ, ಇಂಜಿನು ನಿಂತ ಸದ್ದು ಕೇಳಿಸಿತು. ಶಾಲೆಗೆ ಹೊರಟಿದ್ದ ನಾನು ಓಡಿಹೋದೆ. ಮುಂಗಾಲಿ ಏರಿಯ ಅಂಚಿನಿಂದ ಗೇಣುದ್ದ ದೂರದಲ್ಲಿ ನಿಂತಿತ್ತು. ಕೆಳಗೆ ತುಂಬಿ ಹರಿಯುವ ಕಾಲುವೆ.

“ಮೇಷ್ಟ್ರೇ, ಚಕ್ರ ಮೆತ್ತಗಾಗ್ತಿದೆ. ತಿರುಗಿಸಿದರೆ ಒಂದು ಕ್ಷಣ ಏನೂ ಆಗೋದಿಲ್ಲ, ಆಮೇಲೆ ಒಮ್ಮೆಗೇ ತಿರುಗುತ್ತದೆ. ನೀವು ಸಿರಿಂಜಿಗೆ ಗಾಳಿ ಬಿಟ್ಟಾಗ ಆಗ್ತಿತ್ತಲ್ಲ, ಹಾಗೆ” ಎಂದಳು. ಮಾವ “ಹೊಸತು, ಓಡಿಸ್ತಾ ಸರಿಹೋಗುತ್ತೆ” ಎಂದರೂ ಆಕೆ ಕೇಳಿರಲಿಲ್ಲ. “ಇಲ್ಲ ಮಾವ, ಒಳಗೆ ಗಾಳಿ ಇದೆ” ಎಂದು ಇಂಜಿನು ನಿಲ್ಲಿಸಿ ಇಳಿದೇಬಿಟ್ಟಿದ್ದಳು.

ಅವಳು ಹೇಳಿದುದು ಅಕ್ಷರಶಃ ನಿಜವಾಗಿತ್ತು. ಅವಸರದಲ್ಲಿ ಗಾಳಿಯನ್ನು ಪೂರ್ತಿ ಹೊರಹಾಕಿರಲಿಲ್ಲ, ಎಣ್ಣೆಯ ತೊಟ್ಟಿಯಿಂದ ಪಂಪಿಗೆ ಹೋಗುವ ಪೈಪಿನ ಬಿಗಿಪಟ್ಟಿಯೂ ಸಡಿಲವಾಗಿತ್ತು. ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿದೆವು. ಆತ ಪಟ್ಟಿಯನ್ನು ಬಿಗಿದು, ಜಾಕಿನಿಂದ ಮುಂಗಾಲಿಗಳನ್ನು ನೆಲದಿಂದೆತ್ತಿ, ಇಂಜಿನನ್ನು ನಿಧಾನವಾಗಿ ನಡೆಸುತ್ತ ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ಹಲವು ಬಾರಿ ತಿರುಗಿಸಿದ. ತೊಟ್ಟಿಯಲ್ಲಿ ನೊರೆ ಎದ್ದಿತು. ನೊರೆ ಅಡಗುವವರೆಗೂ ಎಣ್ಣೆಯನ್ನು ತುಂಬುತ್ತ ಹೋದ. ಕೊನೆಗೆ ಚಕ್ರ ಹಿರಿಯರ ಒಂದು ಕೈಗೆ ಸಲೀಸಾಗಿ ತಿರುಗಿತು.

ಅರಿತು ನಡೆಸಬೇಕಾದ ಬಲ

ಈ ಬದಲಾವಣೆಯನ್ನು ಮಾಡಿಸುವ ಮನೆಯವರಿಗೆ ಕೆಲವು ಮಾತುಗಳನ್ನು ಹೇಳುವುದು ನನ್ನ ಕರ್ತವ್ಯ. ಕೀಲುಗಳು ಸವೆದಿದ್ದರೆ ಮೊದಲು ಅವನ್ನು ಸರಿಪಡಿಸಿರಿ. ಎಣ್ಣೆಯ ಬಲ ಆ ದೋಷವನ್ನು ಕೈಗೆ ತಿಳಿಯದಂತೆ ಮುಚ್ಚುತ್ತದೆಯೇ ಹೊರತು ವಾಸಿಮಾಡುವುದಿಲ್ಲ. ತಯಾರಕರು ಹೇಳಿದ ಎಣ್ಣೆಯನ್ನಲ್ಲದೆ ಬ್ರೇಕಿನ ಎಣ್ಣೆಯನ್ನಾಗಲಿ ಉಳಿದ ಎಣ್ಣೆಯನ್ನಾಗಲಿ ಸುರಿಯಬೇಡಿ, ಸೀಲುಗಳು ಕೆಡುತ್ತವೆ. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಹಾಗೆಯೇ ಒತ್ತಿಹಿಡಿಯಬೇಡಿ, ಎಣ್ಣೆ ಕಾಯುತ್ತದೆ. ಪೈಪುಗಳು ಹೊಗೆನಳಿಗೆಗೆ ತಾಗದಂತೆ ನೋಡಿಕೊಳ್ಳಿ. ಪೈಪಿನಲ್ಲಿ ಸೋರಿಕೆಯಿದೆಯೆಂದು ಅನುಮಾನವಾದರೆ ಬೆರಳಿಟ್ಟು ನೋಡಲೇಬೇಡಿ. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋರಿಕೆಯನ್ನು ಹುಡುಕಲು ರಟ್ಟಿನ ತುಂಡು ಸಾಕು. ವಾಹನದ ಮಾರ್ಪಾಟಿಗೆ ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನ ಕಟ್ಟುಪಾಡೂ ಇರುವುದರಿಂದ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆಯನ್ನು ನನಗೆ ತಿಳಿಸಿದವರು ಮಡಕಶಿರಾದ ಕಡೆ ಮುಖ್ಯೋಪಾಧ್ಯಾಯರಾಗಿರುವ ನನ್ನ ತರಬೇತಿಯ ಕಾಲದ ಗೆಳೆಯರು. ಮಡಕಶಿರಾ ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬೇರೆಯಾದರೂ ಸ್ನೇಹ ಬೇರೆಯಾಗಿಲ್ಲ. ನಾವು ಶೇಂಗಾ ಎನ್ನುವುದನ್ನು ಅವರು ಕಡ್ಲೆಕಾಯಿ ಎನ್ನುತ್ತಾರೆ, ಅಷ್ಟೆ. ಅವರ ಊರಿನಲ್ಲಿ ಒಬ್ಬ ತರುಣ ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನು ಆರಿಸಿ ಟ್ರ್ಯಾಕ್ಟರನ್ನು ಉರುಳಬಿಟ್ಟನಂತೆ. ಇಂಜಿನು ನಿಂತರೆ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಚಕ್ರ ಕಲ್ಲಾಗುತ್ತದೆ. ತಿರುವಿನಲ್ಲಿ ವಾಹನ ಬೇಲಿಗೆ ನುಗ್ಗಿತು. ಪುಣ್ಯವಶಾತ್ ಪ್ರಾಣಹಾನಿಯಾಗಲಿಲ್ಲ. ಹಳೆಯ ಸ್ಟೇರಿಂಗು ಇಂಜಿನಿಲ್ಲದೆಯೂ ಮೊದಲಿನಷ್ಟೇ ಭಾರ, ಹೊಸದು ಇಂಜಿನಿದ್ದರೆ ಹೂವು, ಇಲ್ಲದಿದ್ದರೆ ಬಂಡೆ. ಇಳಿಜಾರಿನಲ್ಲಿ ಇಂಜಿನು ನಡೆಯುತ್ತಲೇ ಇರಬೇಕು, ಗೇರು ತಗ್ಗಿನದಾಗಿರಬೇಕು.

ಆ ಮುಂಗಾರಿನಲ್ಲಿ ನೆರೆಮನೆಯ ಗದ್ದೆಯನ್ನು ಸೊಸೆಯೇ ಕೆಸರುಮಾಡಿದಳು. ಮಾವ ಬದುವಿನ ಮೇಲೆ ಕುಳಿತು, ಕೇಳದಿದ್ದರೂ ಸಲಹೆಗಳನ್ನು ಕೊಡುತ್ತಿದ್ದರು. ಗುತ್ತಿಗೆಯ ಮಾತು ಮತ್ತೆ ಆ ಮನೆಯಲ್ಲಿ ಕೇಳಿಬಂದಿಲ್ಲ.

ಗಡಿಯಾಚೆ ಕನ್ನಡದಲ್ಲಿ ಓದಿ ಮಕ್ಕಳಿಗೆ ಬರುವುದಾದರೂ ಏನೆಂದು ಪಾಲಕರು ನನ್ನನ್ನು ಕೇಳುವುದುಂಟು. ಇಂಗ್ಲಿಷೂ ಬೇಕು, ತೆಲುಗೂ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಲುವೆಯ ಏರಿಯ ಮೇಲೆ, ಅಂಚಿಗೆ ಗೇಣುದ್ದ ದೂರದಲ್ಲಿ, ಒಬ್ಬ ಹೆಣ್ಣುಮಗಳಿಗೆ ಆ ಕ್ಷಣದಲ್ಲಿ ನೆನಪಾದದ್ದು ತನ್ನ ಮಾತಿನಲ್ಲಿ ಕಲಿತ, ತನ್ನ ಕೈಯಿಂದಲೇ ಮಾಡಿ ನೋಡಿದ ಒಂದು ಪಾಠ. ಈ ವರ್ಷವೂ ಎಂಟನೆಯ ತರಗತಿಗೆ ಸಿರಿಂಜುಗಳನ್ನು ತರಿಸಿದ್ದೇನೆ. ಗುಳ್ಳೆಯನ್ನು ಬಿಡುವ ಹೊತ್ತಿಗೆ ಮಕ್ಕಳು ನಗುತ್ತಾರೆ. ನಗಲಿ, ಮರೆಯದಿದ್ದರೆ ಸಾಕು.